ಪೂಜೆ: ಹೂವೋ, ಲೇಪವೋ?

ಪಾಳೆಯಗಾರ ಭರಮಣ್ಣನಾಯಕನ ಹೆಸರು ಹೊತ್ತ ನಮ್ಮ ಭರಮಸಾಗರದಲ್ಲಿ ‘ಪೂಜೆ’ ಗುಡಿಯೊಳಗಿನ ಮಾತಷ್ಟೇ ಅಲ್ಲ. ಕೆರೆ ತುಂಬಿದರೆ ಗಂಗೆ ಪೂಜೆ, ಬಿತ್ತನೆಗೆ ಮೊದಲು ಕೂರಿಗೆ ಪೂಜೆ. ತಂಟೆ ಮಾಡಿದ ಹುಡುಗನಿಗೂ ‘ಮನೆಗೆ ಬಾ, ಪೂಜೆ ಐತೆ’ ಎನ್ನುತ್ತೇವೆ. ಇಷ್ಟು ಬಳಕೆಯ ಮಾತು ಎಲ್ಲಿಂದ ಬಂತೆಂದು ಹುಡುಕಿದರೆ ಸಾಮಾನ್ಯ ನಿಘಂಟುಗಳು ಸಂಸ್ಕೃತ ಎಂದು ಹೇಳಿ ಸುಮ್ಮನಾಗುತ್ತವೆ. ಭಾಷಾವಿಜ್ಞಾನಿಗಳು ಸುಮ್ಮನಾಗಿಲ್ಲ.

ವೇದಕಾಲದ ಮುಖ್ಯ ಆಚರಣೆ ಯಜ್ಞ. ಅಲ್ಲಿ ಅಗ್ನಿಗೆ ಹವಿಸ್ಸು. ಹೂವು, ನೀರು, ಗಂಧದ ಪೂಜೆ ಬೇರೆ ಬಗೆಯದು. ಹಾಗಾಗಿ ಈ ಪದ ದ್ರಾವಿಡ ಮೂಲದ್ದಿರಬಹುದೆಂಬ ವಾದ ಹುಟ್ಟಿತು. 1920ರ ದಶಕದಲ್ಲಿ ಸ್ವೀಡನ್ನಿನ ಯಾರ್ಲ್ ಶಾರ್ಪೆಂಟಿಯರ್ ‘ಪೂಸು’, ಅಂದರೆ ಬಳಿ, ಲೇಪಿಸು ಎಂಬ ಧಾತುವಿನತ್ತ ಬೆರಳು ತೋರಿದರು. ಸುನೀತಿಕುಮಾರ ಚಟರ್ಜಿಯವರು ಮುಂದಿಟ್ಟದ್ದು ‘ಪೂ’ ಮತ್ತು ‘ಗೆಯ್’: ಹೂವಿನಿಂದ ಮಾಡುವ ಕೆಲಸ. ಎರಡೂ ಹಳಗನ್ನಡ ಓದಿದವರಿಗೆ ಗುರುತಿನ ಪದಗಳೇ. ಹೂಗೆಯ್ಮೆ ಕೇಳಲು ಸೊಗಸು. ನನಗೇಕೋ ‘ಪೂಸು’ವೇ ಹತ್ತಿರ. ಹೊಲದ ಬದುವಿನ ಕಲ್ಲು ದೇವರಾಗುವುದು ಎಣ್ಣೆ, ಅರಿಸಿನ, ಕುಂಕುಮ ಬಳಿದ ಮೇಲೆ. ಹೂವು ಆಮೇಲೆ, ಸಿಕ್ಕರೆ. ಇದು ಪುರಾವೆಯಲ್ಲ, ನಿಜ. ಜರ್ಮನಿಯ ಪೌಲ್ ಥೀಮೆ ದ್ರಾವಿಡ ಮೂಲವನ್ನೇ ಒಪ್ಪದೆ, ಅತಿಥಿಗೆ ಕೊಡುತ್ತಿದ್ದ ಜೇನು ಬೆರೆಸಿದ ಮಧುಪರ್ಕಕ್ಕೆ ಈ ಪದವನ್ನು ಜೋಡಿಸಿದರು.

ಮೂಲ ಯಾವುದೇ ಇರಲಿ, ಥೀಮೆ ಹಿಡಿದ ಎಳೆಯನ್ನು ಬಿಡುವಂತಿಲ್ಲ. ಹಳೆಯ ಗ್ರಂಥಗಳಲ್ಲಿ ಪೂಜೆ ಸಲ್ಲುತ್ತಿದ್ದುದು ಹೆಚ್ಚಾಗಿ ಮನುಷ್ಯರಿಗೆ, ಮನೆಗೆ ಬಂದವರಿಗೆ, ಗುರುಗಳಿಗೆ. ನಮ್ಮ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವೂ ಶಿಷ್ಯ ಗುರುವನ್ನು ಗೌರವಿಸಬೇಕು ಎನ್ನುತ್ತದೆ, ಆದರೆ ಅಲ್ಲಿ ಬಳಸಿರುವ ಪದ ಬೇರೆ. ‘ಪೂಜೆ’ ಬರುವುದು ಅವನ 12ನೆಯ ಬಂಡೆಶಾಸನದಲ್ಲಿ. ಅರಸ ಎಲ್ಲ ಪಂಥದವರನ್ನೂ, ಸನ್ಯಾಸಿಗಳನ್ನೂ ಗೃಹಸ್ಥರನ್ನೂ, ದಾನದಿಂದಲೂ ಬಗೆಬಗೆಯ ಮನ್ನಣೆಯಿಂದಲೂ ಪೂಜಿಸುತ್ತಾನೆ. ಪೂಜೆಗೊಳ್ಳುವವರ ಸಾಲಿನಲ್ಲಿ ದೇವರಿಲ್ಲ. ತನ್ನ ಪಂಥವನ್ನು ಹೊಗಳಲೆಂದು ಇನ್ನೊಂದನ್ನು ಹಳಿಯಬಾರದು, ನಾಲಿಗೆ ಹಿಡಿತದಲ್ಲಿರಬೇಕು, ಪರರ ಪಂಥವನ್ನೂ ಪೂಜಿಸಬೇಕು ಎಂಬುದು ಅದರ ಮುಂದಿನ ಮಾತು.

ಇದೇ ಶಾಸನದ ಒಂದು ಭಾಗ 1980ರ ದಶಕದ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬ ಗುಡಿಯ ಆವರಣದಲ್ಲಿ ಸಿಕ್ಕಿತು. ಅಲ್ಲಿನ ಕಾಳಿಗುಡಿಯ ಮಾಳಿಗೆ ಕುಸಿದು ವಿಗ್ರಹ ಮುಕ್ಕಾದಾಗ ಪೀಠದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಎಷ್ಟೋ ಕಾಲ ದೇವಿಗೆ ಪೂಜೆ ನಡೆದದ್ದು ಆ ಕಲ್ಲಿನ ಮೇಲೆಯೇ. ವಿಗ್ರಹ ನಿಲ್ಲಿಸಲು ಅದರ ನಡುವೆ ತೂತು ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳು ಹೋಗಿವೆ.