ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯ ನುಡಿಯಲ್ಲಿ ಲಿಂಗವಿಚಾರ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಪ್ರಾಕೃತ ಶಾಸನವು ತಾಯಿತಂದೆಗಳ ಶುಶ್ರೂಷೆಯನ್ನು ವಿಧಿಸುವುದು. ಅಲ್ಲಿಯ ಸಮಾಸದಲ್ಲಿ ತಾಯಿಯೇ ಮೊದಲು. ಹೆಚ್ಚು ಪೂಜ್ಯವಾದುದು ಸಮಾಸದಲ್ಲಿ ಮುಂದೆ ನಿಲ್ಲುವುದೆಂಬುದಕ್ಕೆ ಪತಂಜಲಿಯೂ ‘ಮಾತಾಪಿತರೌ’ ಎಂಬುದನ್ನೇ ಉದಾಹರಿಸಿರುವನು. ಆದರೆ ಪಾಣಿನಿಯ ಏಕಶೇಷವಿಧಿಯಂತೆ ‘ಪಿತರೌ’ ಎಂದರೂ ಇಬ್ಬರ ಅರ್ಥವು ಸಿದ್ಧಿಸುವುದು. ಅಲ್ಲಿ ತಂದೆಯ ಹೆಸರುಳಿದು ತಾಯಿಯದು ಲೋಪವಾಗುವುದು.

ಕನ್ನಡಕ್ಕೆ ಮೂರನೆಯ ದಾರಿಯೊಂದುಂಟು. ಅವನು, ಅವಳು ಎಂಬ ಭೇದವು ಬಹುವಚನದಲ್ಲಿ ಅಳಿದು ‘ಅವರು’ ಎಂದಾಗುವುದು. ಬಂದನು, ಬಂದಳು ಎಂಬೆರಡೂ ‘ಬಂದರು’ ಎಂದಾಗುವುವು. ಹಳಗನ್ನಡದ ಅವರ್, ಬಂದರ್ ಎಂಬಲ್ಲಿಯೂ ಹೀಗೆಯೇ. ಇಲ್ಲಿ ಒಬ್ಬರ ಹೆಸರು ಮತ್ತೊಬ್ಬರದನ್ನು ನುಂಗಿಲ್ಲ. ಈ ರೂಪವೇ ಗೌರವಾರ್ಥದಲ್ಲಿ ಒಬ್ಬ ವ್ಯಕ್ತಿಗೂ ಸಲ್ಲುವುದರಿಂದ, ಲಿಂಗವನ್ನು ಸೂಚಿಸದೆ ಒಬ್ಬರನ್ನು ಕುರಿತು ನುಡಿಯುವ ಸೌಕರ್ಯವು ಭಾಷೆಗೆ ಒದಗಿದೆ. ಆದರೆ ಅದು ಎಲ್ಲರಿಗೂ ಸಮನಾಗಿ ದೊರೆತಿಲ್ಲ.

ಈ ಸೀಮೆಯ ಹಲವು ಮನೆಗಳಲ್ಲಿ, ವಿಶೇಷವಾಗಿ ಮ್ಯಾಸನಾಯಕರಲ್ಲಿ, ತೆಲುಗು ಮನೆಮಾತು, ಊರಮಾತು ಕನ್ನಡ. ತೆಲುಗಿನ ಏಕವಚನದಲ್ಲಿ ಗಂಡಸಿಗೆ ‘ವಾಡು’; ‘ಅದಿ’ ಎಂಬುದು ಹೆಂಗಸಿಗೂ ಹಸುವಿಗೂ ಕಲ್ಲಿಗೂ ಒಂದೇ. ತುಸು ಮನ್ನಿಸಿ ‘ಆಮೆ’ (ಕನ್ನಡದ ಆಮೆಯಲ್ಲ) ಎಂದರೂ ಕ್ರಿಯಾಪದವು ‘ವಚ್ಚಿಂದಿ’ ಎಂದೇ ನಿಲ್ಲುವುದು. ‘ವಾರು ವಚ್ಚಾರು’ ಎಂಬ ಬಹುವಚನಕ್ಕೇರಿದಾಗಲೇ ಹೆಣ್ಣು ಗಂಡಿಗೆ ಸಮನಾಗುವಳು. ಇದನ್ನು ಸ್ತ್ರೀನಿಂದೆಯೆಂದು ಬಗೆಯುವುದು ಅವಸರದ ಮಾತು. ಗೋಂಡಿ, ಕೊಲಾಮಿಗಳಲ್ಲಿಯೂ ಏಕವಚನದ ವ್ಯವಸ್ಥೆ ಇಂತಹುದೇ. ಕನ್ನಡಿಗರು ಹಿಗ್ಗುವುದಕ್ಕೂ ಕಾರಣವಿಲ್ಲ. ಮನೆಯ ಹುಡುಗಿಯನ್ನು ‘ಅದು’ ಎನ್ನುವ ವಾಡಿಕೆ ಕನ್ನಡದಲ್ಲಿಯೂ ಉಂಟು.

ಆದಕಾರಣ ಈ ಎರಡು ನುಡಿಗಳಲ್ಲಿಯೂ ಲಿಂಗಭೇದವನ್ನು ಅಳಿಸುವುದು ಅಂತಸ್ತೇ ಎಂದು ಹೇಳಬೇಕಾಗುವುದು. ಕರ್ಣಾಟಕದಲ್ಲಿ 1983ರ ಕಾಯಿದೆಯಂತೆ 1987ರಲ್ಲಿ ನಡೆದ ಚುನಾವಣೆಗಳಲ್ಲಿ ನೂರಕ್ಕೆ 25 ಸ್ಥಾನಗಳು ಸ್ತ್ರೀಯರಿಗೆ ಮೀಸಲಾದುವು. 1993ರ ಕಾಯಿದೆಯಿಂದ ಪಂಚಾಯಿತಿಯ ಅಧ್ಯಕ್ಷಸ್ಥಾನಗಳಲ್ಲಿಯೂ ಮೀಸಲು ಬಂದಿತು. ಅಧ್ಯಕ್ಷೆಯೋ ಅಧ್ಯಕ್ಷಿಣಿಯೋ ಎಂಬ ಚರ್ಚೆ ಸಂಸ್ಕೃತಪದದೊಡನೆ ಬಂದುದು. ಕನ್ನಡದ ‘ರು’ ಪ್ರತ್ಯಯವು ಅದನ್ನು ಅನಾವಶ್ಯಕವಾಗಿಸಿತು. ‘ಅಧ್ಯಕ್ಷರು ಬಂದರು’ ಎಂದರೆ ಸಾಕು. ಚಳ್ಳಕೆರೆಯ ಹೊಲಗಳಲ್ಲಿ ಕಡಲೆಕಾಯಿ ಕೀಳುವ ಕೂಲಿಯಾಳು ಮಾತ್ರ ಗಂಡಾದರೆ ‘ಬಂದನು’, ಹೆಣ್ಣಾದರೆ ‘ಬಂದಳು’.