ಜೋಳಿಗೆಯಿಂದ ಕೂಸಿನ ಮನೆಯವರೆಗೆ

ಮಕ್ಕಳ ಪಾಲನೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ತೊಟ್ಟಿಲು, ಜೋಗುಳ, ಆಯಿಯ ಮಡಿಲು. ಆದರೆ ದುಡಿಯುವ ತಾಯಿಯ ಕೂಸಿಗೆ ಈ ಭಾಗ್ಯ ಎಂದೂ ಪೂರ್ತಿಯಾಗಿ ಸಿಕ್ಕಿದ್ದಲ್ಲ. ಕಲಬುರಗಿ ಸೀಮೆಯಲ್ಲಿ ತೊಗರಿ ರಾಶಿಯ ಹಂಗಾಮು ಬಂತೆಂದರೆ ಬದುವಿನ ಬೇವಿನ ಮರಕ್ಕೆ ಹಳೆಯ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸುವುದು ವಾಡಿಕೆ. ಅದನ್ನು ತೂಗಲು ಏಳೆಂಟು ವರ್ಷದ ಅಕ್ಕ. ತಮ್ಮನ ಜೋಳಿಗೆ ತೂಗುತ್ತ ಶಾಲೆ ತಪ್ಪಿಸಿಕೊಂಡ ಅಕ್ಕಂದಿರ ಲೆಕ್ಕ ಯಾವ ಹಾಜರಿ ಪುಸ್ತಕದಲ್ಲಿಯೂ ಸಿಗುವುದಿಲ್ಲ. ಹಾಗಾಗಿ ಶಿಶುಪಾಲನೆಯ ಚರಿತ್ರೆಯಲ್ಲಿ ಕೂಸಿನ ಜೊತೆಗೆ ಅದರ ತಾಯಿ ಮತ್ತು ಅಕ್ಕನ ಕಥೆಯೂ ಸೇರಿದೆ.

ಈ ಚರಿತ್ರೆ ಎರಡು ದಾರಿಗಳಲ್ಲಿ ಸಾಗಿ ಬಂದಿದೆ. ಒಂದು ಕಲಿಕೆಯ ದಾರಿ, ಇನ್ನೊಂದು ದುಡಿಮೆಯ ದಾರಿ.

ಮೊದಲನೆಯದನ್ನು ನೋಡೋಣ. ಸ್ಕಾಟ್‌ಲೆಂಡಿನ ನ್ಯೂ ಲ್ಯಾನಾರ್ಕ್‌ನಲ್ಲಿ ಹತ್ತಿ ಗಿರಣಿ ನಡೆಸುತ್ತಿದ್ದ ರಾಬರ್ಟ್ ಓವೆನ್ 1816ರಲ್ಲಿ ಕಾರ್ಮಿಕರ ಪುಟ್ಟ ಮಕ್ಕಳಿಗಾಗಿ ಶಾಲೆ ತೆರೆದ. 1907ರಲ್ಲಿ ಮರಿಯಾ ಮಾಂಟೆಸೊರಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ಆರಂಭಿಸಿದರು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಸ್ಥಾಪಿಸಿದರು. ಅವರ ಸಹವರ್ತಿ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಗೆ ಹೋಗಿ, ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂಬ ಪ್ರಯೋಗ ಕೈಗೊಂಡರು. ಅಂಗನವಾಡಿ ಎಂಬ ಕಲ್ಪನೆಯ ಬೇರು ಇಲ್ಲಿದೆ. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ನೇತೃತ್ವದಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ರಚನೆಯಾದ ಮೇಲೆ ಸ್ವಯಂಸೇವಾ ಸಂಸ್ಥೆಗಳ ಬಾಲವಾಡಿಗಳಿಗೆ ಸರ್ಕಾರದ ನೆರವು ದೊರೆಯಿತು.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆಗಳಲ್ಲಿ ಪ್ರಾರಂಭವಾಯಿತು. ಕರ್ನಾಟಕದಲ್ಲಿ ಇದರ ಮೊದಲ ತಾಲ್ಲೂಕು ಮೈಸೂರು ಜಿಲ್ಲೆಯ ಟಿ. ನರಸೀಪುರ. ಅಲ್ಲಿ 100 ಅಂಗನವಾಡಿಗಳಿಂದ ಆರಂಭವಾದ ಕೆಲಸ ಇಂದು ರಾಜ್ಯದ ಓಣಿ ಓಣಿಗೂ ತಲುಪಿದೆ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಶಾಲಾಪೂರ್ವ ಶಿಕ್ಷಣ ಮುಂತಾದ ಸೇವೆಗಳನ್ನು ಒಂದೇ ಸೂರಿನಡಿ ತಂದದ್ದು ಈ ಯೋಜನೆಯ ಹಿರಿಮೆ. ಆದರೆ ನಾವು ಗಮನಿಸಬೇಕಾದ ಅಂಶವೊಂದಿದೆ. ಅಂಗನವಾಡಿಯಲ್ಲಿ ಕುಳಿತು ಆಡಿ ಕಲಿಯುವುದು 3ರಿಂದ 6 ವರ್ಷದ ಮಕ್ಕಳು. ಅದಕ್ಕಿಂತ ಚಿಕ್ಕ ಕೂಸಿಗೆ ಮನೆಗೆ ಒಯ್ಯುವ ಆಹಾರ ಸಿಗುತ್ತದೆ, ತೂಕ ನೋಡುತ್ತಾರೆ, ಚುಚ್ಚುಮದ್ದು ಹಾಕಿಸುತ್ತಾರೆ. ಹಗಲೆಲ್ಲ ಅದನ್ನು ಎತ್ತಿಕೊಳ್ಳುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ಎರಡನೆಯ ದಾರಿ. 1948ರ ಕಾರ್ಖಾನೆ ಕಾಯ್ದೆ, 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು ವಿಧಿಸಿತು. 1976ರ ತಿದ್ದುಪಡಿ ಆ ಸಂಖ್ಯೆಯನ್ನು 30ಕ್ಕೆ ಇಳಿಸಿತು. ಕಾನೂನು ಒಳ್ಳೆಯದೇ. ಆದರೆ ಹೊಲ, ಕಟ್ಟಡ, ಚಿಕ್ಕ ಬೇಳೆ ಮಿಲ್ಲು, ಮನೆಗೆಲಸ ಇವೆಲ್ಲ ಆ ಎಣಿಕೆಯ ಹೊರಗೇ ಉಳಿದವು. 1969ರಲ್ಲಿ ದೆಹಲಿಯಲ್ಲಿ ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕೆ ಕಟ್ಟಡಗಳು ಏಳುತ್ತಿದ್ದಾಗ ಕೂಲಿಕಾರರ ಕೂಸುಗಳು ಮಣ್ಣು, ಕಲ್ಲುಗಳ ನಡುವೆ ಮಲಗಿದ್ದುದನ್ನು ಕಂಡ ಮೀರಾ ಮಹಾದೇವನ್, ಕೆಲಸದ ಜಾಗದಲ್ಲೇ ಶಿಶುಪಾಲನಾ ಕೇಂದ್ರ ತೆರೆದರು. ಮೊಬೈಲ್ ಕ್ರೆಶಸ್ ಸಂಸ್ಥೆ ಹುಟ್ಟಿದ್ದು ಹೀಗೆ. ಮುಂದೆ ಅದರ ಕೆಲಸ ಮುಂಬಯಿ, ಪುಣೆಗಳಿಗೂ ಹಬ್ಬಿತು. ನಮ್ಮ ಕಲಬುರಗಿ ಜಿಲ್ಲೆಯ ಕುಟುಂಬಗಳು ಗುಳೆ ಹೋಗುವ ಊರುಗಳೂ ಇವೇ ಎಂಬುದನ್ನು ಇಲ್ಲಿ ನೆನೆಯಬೇಕು.

2005ರ ಉದ್ಯೋಗ ಖಾತರಿ ಕಾಯ್ದೆ, ಕೆಲಸದ ಸ್ಥಳದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ಕೂಲಿ ಕೊಟ್ಟು ನೇಮಿಸಬೇಕೆಂದಿತು. ಕರ್ನಾಟಕ ಸರ್ಕಾರ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಕೂಸಿನ ಮನೆಗಳನ್ನು ಘೋಷಿಸಿತು. ಅಪ್ಪಟ ಕನ್ನಡದ ಈ ಹೆಸರು ಮರದ ಕೊಂಬೆಯ ಜೋಳಿಗೆಗೆ ಬಾಗಿಲು, ಮಾಡು ಕೊಟ್ಟಂತಿದೆ.

ಹಾಗಾದರೆ ಒಳ್ಳೆಯ ಕೂಸಿನ ಮನೆ ಎಂದರೆ ಯಾವುದು? ಗೋಡೆಯ ಬಣ್ಣದ ಚಿತ್ರಗಳೇ? ಆಟಿಕೆಗಳೇ? ಎರಡನೆಯ ಮಹಾಯುದ್ಧದ ನಂತರ ಯುರೋಪಿನಲ್ಲಿ ಅನಾಥ ಮಕ್ಕಳ ಪಾಲನೆಯ ಸಂದರ್ಭದಲ್ಲಿ ಈ ಪ್ರಶ್ನೆ ಮುಂದೆ ಬಂತು. 1946ರಲ್ಲಿ ಬುಡಾಪೆಸ್ಟ್ ನಗರದಲ್ಲಿ ಶಿಶುಗೃಹ ತೆರೆದ ವೈದ್ಯೆ ಎಮ್ಮಿ ಪಿಕ್ಲರ್, ಕೂಸಿನ ಸ್ನಾನ, ಊಟ, ಬಟ್ಟೆ ಬದಲಿಸುವ ಹೊತ್ತನ್ನು ಅವಸರವಿಲ್ಲದೆ, ಮಾತನಾಡಿಸುತ್ತ, ಆದಷ್ಟೂ ಅದೇ ಆಯಾಳ ಕೈಯಲ್ಲಿ ನಡೆಸುವ ಪದ್ಧತಿ ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಜಾನ್ ಬೌಲ್ಬಿ 1951ರಲ್ಲಿ ಸಿದ್ಧಪಡಿಸಿದ ವರದಿ, ಮಗುವಿನ ಮನಸ್ಸು ಬೆಳೆಯಲು ಬೆಚ್ಚನೆಯ, ಮುರಿಯದ ಅಕ್ಕರೆಯ ನಂಟು ಅಗತ್ಯವೆಂದು ಪ್ರತಿಪಾದಿಸಿತು. ಇದನ್ನೇ ನಮ್ಮ ಹಿರಿಯರು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: ಕೂಸಿಗೆ ಕೈ ಹೊಂದಬೇಕು.

ಕೈ ಹೊಂದಬೇಕಾದರೆ ಮೊದಲು ಕೈಗಳ ಸಂಖ್ಯೆ ಸಾಕಷ್ಟಿರಬೇಕು. 25 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಎಂಬುದು ರಾಷ್ಟ್ರೀಯ ಶಿಶುಪಾಲನಾ ಯೋಜನೆಯ ಲೆಕ್ಕವಾಗಿತ್ತು. ಆ 25ರಲ್ಲಿ ಎಂಟು ಹತ್ತು ಹಸುಗೂಸುಗಳಿದ್ದರೆ ಇಬ್ಬರ ನಾಲ್ಕು ಕೈ ಎಲ್ಲಿ ಸಾಕಾದೀತು? ಎರಡನೆಯದಾಗಿ, ಕೈಗಳು ಮತ್ತೆ ಮತ್ತೆ ಬದಲಾಗಬಾರದು. ಕಡಿಮೆ ಗೌರವಧನಕ್ಕೆ ದುಡಿಯುವ ಆಯಾ ಒಳ್ಳೆಯ ಕೂಲಿ ಸಿಕ್ಕಲ್ಲಿಗೆ ಹೊರಟರೆ ತಪ್ಪು ಅವಳದಲ್ಲ. ಆದರೆ ಹೊಂದಿಕೊಂಡ ಕೂಸು ಮತ್ತೆ ಅಳಲು ತೊಡಗುತ್ತದೆ. ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರಿಗೆ ಉಪದಾನ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ತೀರ್ಪಿತ್ತಾಗ ಅದು ನೌಕರರ ಪ್ರಶ್ನೆಯಂತೆ ಕಂಡಿತು. ವಾಸ್ತವದಲ್ಲಿ ಅದು ಕೂಸಿನ ಪ್ರಶ್ನೆಯೂ ಹೌದು. ಮೂರನೆಯದಾಗಿ, ಬಾಗಿಲು ತೆರೆಯುವ ಹೊತ್ತು ತಾಯಿ ಕೆಲಸಕ್ಕೆ ಹೋಗುವ ಹೊತ್ತಿಗೆ ಕೂಡಿ ಬರಬೇಕು.

ಈ ಅಳತೆಗೋಲನ್ನು ಕಲಬುರಗಿಯ ಶಹಾಬಜಾರದಂತಹ ಬಡಾವಣೆಗೆ ಇಟ್ಟು ನೋಡೋಣ. ಹೆಸರಿನಲ್ಲೇ ಬಜಾರವಿರುವ ಜಾಗವಿದು. ಕನ್ನಡ, ದಖನಿ ಉರ್ದು, ಲಂಬಾಣಿ, ಮರಾಠಿ, ತೆಲುಗು ಎಲ್ಲವೂ ಕಿವಿಗೆ ಬೀಳುವ ನಗರವಿದು. ಮನೆಯಲ್ಲಿ ಕೇಳಿದ ನುಡಿಯಲ್ಲೇ ರಮಿಸಿದರೆ ಕೂಸು ಬೇಗ ಸುಮ್ಮನಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಇಲ್ಲಿನ ಬಿಸಿಲಿಗೆ ತಗಡಿನ ಮಾಡಿನ ಕೋಣೆ ಕೂಸಿಗೆ ತಕ್ಕದ್ದಲ್ಲ. ತಂಪಾದ ಮಾಳಿಗೆ, ಕಾಯಿಸಿ ಆರಿಸಿದ ನೀರು, ನೆರಳಿರುವ ಅಂಗಳ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೂಸಿನ ಮನೆಗಳು ಗ್ರಾಮ ಪಂಚಾಯಿತಿಗಳ ಪಾಲಿಗೆ ಬಂದವು. ನಸುಕಿನಲ್ಲಿ ಎದ್ದು ನಾಲ್ಕು ಮನೆಯ ಮುಸುರೆ ತಿಕ್ಕುವ, ಕಟ್ಟಡದಲ್ಲಿ ಇಟ್ಟಿಗೆ ಹೊರುವ, ಸಂತೆಯಲ್ಲಿ ಕಾಯಿಪಲ್ಲೆ ಮಾರುವ ನಗರದ ತಾಯಿ ಕಾರ್ಖಾನೆಯ ಲೆಕ್ಕಕ್ಕೂ ಸೇರಲಿಲ್ಲ, ಪಂಚಾಯಿತಿಯ ಲೆಕ್ಕಕ್ಕೂ ಸೇರಲಿಲ್ಲ.

ಬಡಾವಣೆಯ ಅಂಗನವಾಡಿಯ ಪಕ್ಕದಲ್ಲಿ ಇನ್ನೊಂದು ಕೋಣೆ, ಅಲ್ಲಿ ಕಾಯಂ ಆಗಿ ನಿಲ್ಲುವ ಇಬ್ಬರು ಮೂವರು ಆಯಾಗಳು, ಅವರ ಬದುಕಿಗೆ ಸಾಲುವ ಸಂಬಳ. ಎರಡು ದಾರಿಗಳು ಕೂಡಲು ಇಷ್ಟು ಸಾಕು. ತೂಗುವ ಕೈಗೆ ತಕ್ಕ ಕೂಲಿ ಸಿಕ್ಕ ದಿನ, ಜೋಳಿಗೆಯ ಪಕ್ಕ ನಿಂತ ಆ ಪುಟ್ಟ ಅಕ್ಕನೂ ಪಾಟಿಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟಾಳು.