ಠಾಣೆ–ಕಲ್ಯಾಣ ಹಳಿಯ ಮೇಲೆ ಹೋದ ಕಾಲುಗಳು: ನೆರವು ಯಾಕೆ ಅಷ್ಟು ತಡವಾಗಿ ಬಂತು?

ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ರೈಲಿನ ಕಥೆ ನಿಮಗೆ ಗೊತ್ತು. 1853ರ ಏಪ್ರಿಲ್ 16. ಮರುವರ್ಷ ಮೇ ತಿಂಗಳಿಗೆ ಹಳಿ ಕಲ್ಯಾಣ ಮುಟ್ಟಿತು. ಇವತ್ತು ಅದೇ ಹಳಿಯ ಇನ್ನೊಂದು ಚರಿತ್ರೆ ಹೇಳ್ತೀನಿ. ಇಲ್ಲಿ ಕೈಕಾಲು ಕಳೆದುಕೊಂಡವರಿಗೆ ಯಾವ ನೆರವು ಯಾವಾಗ ಬಂತು ಅನ್ನೋದು.

ನನ್ನ ಸೋದರಮಾವ ಕುಂದಾಪುರದ ಕಡೆಯವರು. ಡೊಂಬಿವಲಿಯ ಚಾಳಿನಲ್ಲಿ ವಾಸ, ದಾದರಿನ ಹೋಟೆಲಿನಲ್ಲಿ ಸಪ್ಲೈಯರ್. 1993ರ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ, ಗಾಡಿ ದಿವಾ ದಾಟಿ ಮುಂಬ್ರಾ ಕಡೆ ತಿರುಗುವಾಗ, ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದುಬಿಟ್ಟರು. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಜೇಬಿನಲ್ಲಿ ತಿಂಗಳ ಪಾಸ್ ಇತ್ತು. ಆದರೂ ಪರಿಹಾರ ಅಂತ ಒಂದು ಪೈಸೆ ಬರಲಿಲ್ಲ.

ಯಾಕೆ ಗೊತ್ತಾ? 1989ರ ರೈಲ್ವೆ ಕಾಯ್ದೆಯ 124ನೇ ಕಲಮಿನ ಪ್ರಕಾರ ಅಪಘಾತ ಅಂದರೆ ಗಾಡಿಗೆ ಆಗುವ ಅಪಘಾತ. ಡಿಕ್ಕಿ ಹೊಡೀಬೇಕು, ಇಲ್ಲಾ ಹಳಿ ತಪ್ಪಬೇಕು. ಮನುಷ್ಯ ಬಿದ್ದ, ಗಾಡಿ ಸರಿಯಾದ ಹೊತ್ತಿಗೆ ದಾದರ್ ಸೇರಿತು ಅಂದರೆ ಕಾನೂನಿನ ಲೆಕ್ಕದಲ್ಲಿ ಅಲ್ಲಿ ಏನೂ ನಡೆದಿಲ್ಲ! ಗಾಡಿಯಿಂದ ಬೀಳುವುದನ್ನೂ ಸೇರಿಸಿಕೊಂಡ 124ಎ ಕಲಮು ಜಾರಿಗೆ ಬಂದದ್ದು 1994ರ ಆಗಸ್ಟ್ 1ರಂದು. ಮಾವ ಎಂಟು ತಿಂಗಳು ಮೊದಲೇ ಬಿದ್ದಿದ್ದರು.

ಹಣ ಸಿಗಲಿಲ್ಲ, ಸರಿ. ಕಾಲು? ಅದಕ್ಕೂ ಒಂದು ಚರಿತ್ರೆ ಇದೆ. ನಮ್ಮ ದೇಶದಲ್ಲಿ ಕೃತಕ ಕಾಲಿನ ದೊಡ್ಡ ಕೇಂದ್ರ ಪುಣೆಯಲ್ಲಿ 1944ರಲ್ಲಿ ಶುರುವಾಯಿತು, ಅದು ಎರಡನೇ ಮಹಾಯುದ್ಧದ ಸೈನಿಕರಿಗಾಗಿ. ಯುದ್ಧಕ್ಕೆ ಹೋದವನಿಗೆ ಕಾಲು ಕೊಡಬೇಕು ಅಂತ ಸರಕಾರಕ್ಕೆ ಹೊಳೆಯಿತು. ಕೆಲಸಕ್ಕೆ ಹೋದವನ ಬಗ್ಗೆ ಹೊಳೆಯಲು ಇನ್ನಷ್ಟು ಕಾಲ ಬೇಕಾಯಿತು. ಮುಂಬಯಿಯ ಹಾಜಿ ಅಲಿಯಲ್ಲಿ ಪುನರ್ವಸತಿಗೆಂದೇ ಅಖಿಲ ಭಾರತ ಮಟ್ಟದ ಸಂಸ್ಥೆ, ವಿಶ್ವಸಂಸ್ಥೆಯ ನೆರವಿನಿಂದ, 1955ರಲ್ಲಿ ಬಂತು. ಈಗಲೂ ಇದೆ.

ಆದರೆ ಆಗಿನ ವಿಲಾಯತಿ ಮಾದರಿಯ ಕಾಲಿಗೆ ಬೂಟು ಬೇಕು, ಅದರ ಹಿಮ್ಮಡಿ ಮಡಚೋದಿಲ್ಲ. ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ, ಚಕ್ಕಳಮಕ್ಕಳ ಹಾಕುವ ಹಾಗಿಲ್ಲ. ಚಾಳಿನಲ್ಲಿ ಇದ್ದವರಿಗೆ ಅರ್ಥ ಆಗುತ್ತೆ: ಸಾಮೂಹಿಕ ಸಂಡಾಸಿಗೆ ಬೆಳಿಗ್ಗೆ ಸಾಲು ನಿಂತು ಹೋದವನು ಕುಕ್ಕರಗಾಲಲ್ಲಿ ಕೂರಲಾರ ಅಂದರೆ ಆ ಕಾಲನ್ನು ಕಟ್ಟಿಕೊಂಡು ಏನು ಮಾಡ್ತಾನೆ? ಈ ಕಷ್ಟಕ್ಕೆ ಉತ್ತರ ಕಂಡವರು ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ವೈದ್ಯ ಪಿ. ಕೆ. ಸೇಠಿ, 1968ರಲ್ಲಿ. ರಬ್ಬರಿನ ಪಾದ, ಎಲ್ಲಾ ಕಡೆಗೂ ಬಾಗುತ್ತೆ, ಬರಿಗಾಲಲ್ಲಿ ನಡೆಯಬಹುದು, ಕೆಸರಿಗೂ ಇಳಿಯಬಹುದು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶರ್ಮಾ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು, ನೀವೇ ಹೇಳಿ. 1975ರಲ್ಲಿ ಡಿ. ಆರ್. ಮೆಹ್ತಾ ಕಟ್ಟಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಈ ಕಾಲನ್ನು ಪುಕ್ಕಟೆಯಾಗಿ ಹಂಚತೊಡಗಿತು. ಮಾವನಿಗೂ ಜೈಪುರ ಕಾಲೇ ಸಿಕ್ಕಿತು. ಶನಿವಾರದ ಭಜನೆಗೆ ನೆಲದ ಮೇಲೆ ಕೂತ ದಿನ ಅತ್ತೆ ಸಜ್ಜಿಗೆ ಮಾಡಿ ಇಡೀ ಚಾಳಿಗೆ ಹಂಚಿದರಂತೆ. ಹೋಟೆಲಿನಲ್ಲಿ ಸಪ್ಲೈ ಬಿಟ್ಟು ಗಲ್ಲಾದಲ್ಲಿ ಕೂತರು.

ಕಾನೂನಿಗೆ ಮತ್ತೆ ಬರೋಣ, ಕಾರಣ ಇವತ್ತು ಇದು ನಿಮಗೆ ಬೇಕಾಗಬಹುದು. 1990ರ ಪರಿಹಾರ ನಿಯಮಗಳಿಗೆ ಒಂದು ಪಟ್ಟಿ ಇದೆ. ಓದಿದರೆ ಮೈ ಜುಮ್ಮೆನ್ನುತ್ತೆ. ಮೊಣಕಾಲಿನ ಕೆಳಗೆ ಉಳಿದ ತುಂಡು ಎಷ್ಟು ಇಂಚು ಅಂತ ಅಳೆದು ಅದಕ್ಕೆ ತಕ್ಕ ಮೊತ್ತ! ಎರಡೂ ಕೈ ಹೋದರೆ ಸಾವಿಗೆ ಸಮ: ಮೊದಲು 4 ಲಕ್ಷ, 2017ರ ಜನವರಿಯಿಂದ 8 ಲಕ್ಷ. ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ನೀವು ವಾಸವಿರುವ ಊರಿನ ಪೀಠದಲ್ಲೂ ಹಾಕಬಹುದು. ಊರಿಗೆ ವಾಪಸು ಹೋದವರು ಇದನ್ನು ಮರೀಬೇಡಿ. ಪಾಸ್ ಕಳೆದುಹೋಯಿತು ಅಂತ ಕೈಚೆಲ್ಲಿ ಕೂರಬೇಡಿ. 2018ರ ರೀನಾ ದೇವಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಹೇಳಿದೆ: ಟಿಕೆಟ್ ಸಿಗಲಿಲ್ಲ ಅಂದ ಮಾತ್ರಕ್ಕೆ ಪ್ರಯಾಣಿಕನಲ್ಲ ಅನ್ನೋ ಹಾಗಿಲ್ಲ. ಹತ್ತುವಾಗ ಇಳಿಯುವಾಗ ಬಿದ್ದದ್ದೂ ಲೆಕ್ಕಕ್ಕೆ ಬರುತ್ತೆ. ಹಳಿ ದಾಟುವಾಗ ಆದದ್ದು ಮಾತ್ರ ಬರೋದಿಲ್ಲ.

ಹಣಕ್ಕಿಂತ ಮೊದಲು ಜೀವ ಉಳೀಬೇಕಲ್ಲ. ನಿಲ್ದಾಣಗಳಲ್ಲಿ ಆಂಬುಲೆನ್ಸ್, ತುರ್ತು ಚಿಕಿತ್ಸೆಯ ಕೋಣೆ ಬೇಕು ಅಂತ ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಮುಖ್ಯರು ಸಮೀರ್ ಝವೇರಿ. 1989ರಲ್ಲಿ ರೈಲಿನಡಿ ಎರಡೂ ಕಾಲು ಕಳೆದುಕೊಂಡವರು. ಅವರ ಹಟ ಇಲ್ಲದಿದ್ದರೆ ನಮಗೆ ಈಗ ಇರುವಷ್ಟೂ ಇರುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ.

ಒಂದು ಮಾತು ನಡುವೆ. ಕತ್ತರಿಸಿ ಹೋದ ಅಂಗವನ್ನು ಮೊದಲ ಬಾರಿ ಯಶಸ್ವಿಯಾಗಿ ಮತ್ತೆ ಜೋಡಿಸಿದ್ದು 1962ರಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ. 12 ವರ್ಷದ ಹುಡುಗನ ತೋಳು. ಅವನೂ ಚಲಿಸುವ ಗೂಡ್ಸ್ ಗಾಡಿ ಹತ್ತಲು ಹೋಗಿದ್ದವನೇ! ಜಜ್ಜಿಹೋದದ್ದನ್ನು ಜೋಡಿಸುವುದು ಕಷ್ಟ, ಆದರೆ ತೀರ್ಮಾನ ವೈದ್ಯರದ್ದಾಗಲಿ. ತುಂಡಾದ ಭಾಗವನ್ನು ನೇರವಾಗಿ ಐಸಿನಲ್ಲಿ ಇಡಬೇಡಿ. ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಆ ಚೀಲವನ್ನು ಐಸಿನಲ್ಲಿಟ್ಟು ಗಾಯಾಳುವಿನ ಜೊತೆಗೇ ಕಳಿಸಿ.

ಬಾಗಿಲು ಮುಚ್ಚಿಕೊಳ್ಳುವ ಎಸಿ ಲೋಕಲ್ ಮಧ್ಯ ರೈಲ್ವೆಯಲ್ಲಿ ಮೊದಲು ಓಡಿದ್ದು 2020ರ ಜನವರಿ 30ರಂದು, ಠಾಣೆ–ಪನ್ವೇಲ್ ನಡುವೆ, ನವಿ ಮುಂಬಯಿ ದಾರಿಯಲ್ಲಿ. ನಮ್ಮ ಡೊಂಬಿವಲಿಯ ಬಹುಪಾಲು ಗಾಡಿಗಳ ಬಾಗಿಲು ತೆರೆದೇ ಉಳಿಯಿತು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಹತ್ತಿರ, ಎದುರುಬದುರು ಹೋಗುತ್ತಿದ್ದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಕೆಳಗೆ ಬಿದ್ದರು. ನಾಲ್ವರು ಅಂದೇ ಹೋದರು. ಹೊಸ ಗಾಡಿಗಳಿಗೆಲ್ಲ ತಾನಾಗಿ ಮುಚ್ಚುವ ಬಾಗಿಲು ಅಂತ ರೈಲ್ವೆ ಅದೇ ದಿನ ಪ್ರಕಟಿಸಿತು.

ಮಾವ ಈಗ ಊರಲ್ಲಿದ್ದಾರೆ. ಆ ದಿನ ಟಿವಿಯಲ್ಲಿ ನೋಡಿ ಫೋನ್ ಮಾಡಿದರು. ಎಷ್ಟು ಜನ, ಯಾವ ಗಾಡಿ ಅಂತ ಕೇಳಲಿಲ್ಲ.

"ಅವರ ಹತ್ರ ಪಾಸ್ ಇತ್ತಾ ಮಾರಾಯ?" ಅಂದರು.